ಉಶಿರೋಗಾವಾದ ತೊಗಲು

ಸರ್ಕಾರದವರು ಫುಕಿಯ ಅಂಗಳಕ್ಕೆ ಬಂದಾಗ ಮೂಗು ಮುಚ್ಚಿಕೊಳ್ಳಲಿಲ್ಲ. ಅವಳಿಗೆ ಅನುಮಾನ ಹುಟ್ಟಿದ್ದೇ ಅಲ್ಲಿಂದ.

ಉಶಿರೋಗಾವಾಕ್ಕೆ ಬರುವ ಹೊರಗಿನವರು ಕಾಲುವೆಯ ಸೇತುವೆ ಏರುವಾಗಲೇ ಕರವಸ್ತ್ರ ತೆಗೆಯುತ್ತಾರೆ. ಗ್ಯಾಸಿನವನು ತೆಗೆಯುತ್ತಾನೆ. ಓಟು ಕೇಳಲು ಬರುವವನು ಇನ್ನೂ ದೊಡ್ಡದನ್ನು ತೆಗೆಯುತ್ತಾನೆ. ಒಸಾಕಾದ ದಕ್ಷಿಣದಂಚಿನ ಈ ಕೇರಿಯಲ್ಲಿ ಮನೆಮನೆಗೂ ತೊಗಲಿನ ತೊಟ್ಟಿ ಇದೆ. ಹಸಿ ತೊಗಲು ತೊಟ್ಟಿಯಲ್ಲಿ ನೆನೆಯುತ್ತದೆ, ನಾರುತ್ತದೆ, ಅದರಲ್ಲಿ ಮುಚ್ಚುಮರೆ ಏನಿಲ್ಲ. ಆದರೆ ಸಕಾಕಿ ಎಂಬ ಈ ಅಧಿಕಾರಿ, ಕಪ್ಪು ಸೂಟು ತೊಟ್ಟು, ಎರಡೂ ಕೈಯಲ್ಲಿ ಸಿಹಿತಿಂಡಿಯ ಪೆಟ್ಟಿಗೆ ಹಿಡಿದುಕೊಂಡು, ತೊಟ್ಟಿಯ ಪಕ್ಕದಲ್ಲೇ ನಿಂತು ಎದೆ ತುಂಬ ಉಸಿರೆಳೆದು, "ಆಹಾ, ಪರಂಪರೆಯ ಪರಿಮಳ" ಅಂದ.

"ಅವನ ಮೂಗಿನ ಕೆಳಗೆ ನೋಡ್ದ್ಯಾ ಅಕ್ಕ?" ಟೊಕಿಕೊ ಫುಕಿಯ ಕಿವಿಯಲ್ಲಿ ಪಿಸುಗುಟ್ಟಿದಳು. "ಶೀತಕ್ಕೆ ಹಚ್ಚೋ ಮುಲಾಮು. ಮಿರಮಿರ ಅಂತಿದೆ."

ಟೊಕಿಕೊ ಫುಕಿಯ ಕಾರ್ಖಾನೆಯಲ್ಲಿ ಹುಡುಗಿಯಾಗಿದ್ದಾಗಿಂದ ಕೆಲಸ ಮಾಡುವವಳು. ದೊಡ್ಡ ಮೈಯವಳು, ಅದಕ್ಕಿಂತ ದೊಡ್ಡ ಬಾಯಿಯವಳು. ಕಾರ್ಖಾನೆ ಅಂದರೆ ಮತ್ತೇನಲ್ಲ, ಮನೆಯ ಮುಂದಿನ ತಗಡಿನ ಚಪ್ಪರ. ಅಲ್ಲಿ ಫುಕಿ, ಅವಳ ಮಗಳು ಚಿನಾಮಿ, ಟೊಕಿಕೊ, ಮೂವರೂ ಸೇರಿ ನಗಾರಿ ಮಾಡುತ್ತಾರೆ. ಫುಕಿಯ ಅಪ್ಪ ಗೆಂಜೊಗೆ ಎಂಬತ್ತು ದಾಟಿದೆ. ಅವನೀಗ ಕೈಯಲ್ಲಿ ಏನೂ ಮಾಡುವುದಿಲ್ಲ. ಕೂತಲ್ಲೇ ಕೇಳಿಸಿಕೊಂಡು ತಪ್ಪು ಹೇಳುತ್ತಾನೆ, ಅಷ್ಟೇ.

ಸಕಾಕಿ ಚಾಪೆಯ ಮೇಲೆ ಮಂಡಿಯೂರಿ ಕೂತು ವಿಷಯ ಬಿಚ್ಚಿದ. ಸರ್ಕಾರ ಒಂದು ಹೊಸ ನೀತಿ ತಂದಿದೆ. ಅಂತರರಾಷ್ಟ್ರೀಯ ಸಾಂಸ್ಕೃತಿಕ ಸಹಕಾರದ ನೀತಿ. ಅದರ ಪ್ರಕಾರ ಒಂದೊಂದು ಸ್ನೇಹಿತ ದೇಶಕ್ಕೂ ಒಂದೊಂದು ಕಾಣಿಕೆ ಹೋಗಬೇಕು. ಉರುಗ್ವೆ ದೇಶಕ್ಕೆ ಆಳೆತ್ತರದ ನಗಾರಿ ಅಂತ ನಿಶ್ಚಯವಾಗಿದೆ.

"ಉರುಗ್ವೆ ಎಲ್ಲಿ ಬರುತ್ತೆ?" ಟೊಕಿಕೊ ಕೇಳಿದಳು.

"ಇಲ್ಲಿಂದ ಭೂಮಿಗೆ ನೆಟ್ಟಗೆ ತೂತು ಕೊರೆದ್ರೆ ಹೆಚ್ಚುಕಮ್ಮಿ ಅಲ್ಲೇ ಏಳ್ತೀವಿ," ಅಂದಳು ಚಿನಾಮಿ. ಅವಳಿಗೆ ಇಂಥದ್ದೆಲ್ಲ ಗೊತ್ತು.

"ಹಾಗಾದ್ರೆ ನಮ್ಮ ಕಾಲಡಿಯೋರು ಅನ್ನು. ನಮಗೂ ಕಾಲಡಿ ಯಾರೋ ಇದ್ದಾರಲ್ಲ, ಪುಣ್ಯ."

ಸಕಾಕಿ ನಕ್ಕ. ನಗಬೇಕಾದ ಕಡೆ ನಗುವುದನ್ನು ಅವನಿಗೆ ಕಲಿಸಿದ್ದರು. "ಸಹಕಾರ ಅಂದ್ರೆ ಕೊಡೋದು ಕೊಳ್ಳೋದು ತಾಯಿ. ಒಂದು ಸಂಸ್ಕೃತಿ ಇನ್ನೊಂದು ಸಂಸ್ಕೃತಿಯ ಕೈ ಹಿಡಿಯುತ್ತೆ."

"ನಮ್ಮ ಕೈ ಹಿಡಿಯೋಕೆ ಸೇತುವೆ ಆಚೆಯೋರೇ ಬರಲ್ಲ," ಅಂದಳು ಟೊಕಿಕೊ. "ಅಷ್ಟು ದೂರದಿಂದ ಬರ್ತಾರಾ?"

ಫುಕಿ ಲೆಕ್ಕಾಚಾರದ ಹೆಂಗಸು. ಕೆಲಸ ದೊಡ್ಡದು, ಸರ್ಕಾರದ್ದು, ಮರ ಅವರೇ ಕೊಡುತ್ತಾರೆ, ತೊಗಲು ಮಾತ್ರ ಇವಳದ್ದು, ನಗಾರಿ ಹೊರಟ ಮೇಲೆ ದುಡ್ಡು. ಒಪ್ಪಿಕೊಳ್ಳಬಹುದು ಅನ್ನಿಸಿ ಅಪ್ಪನ ಮುಖ ನೋಡಿದಳು. ಗೆಂಜೊ ಸಿಗರೇಟು ಆರಿಸಿ ಕೇಳಿದ.

"ವೇದಿಕೆ ಇರುತ್ತಾ?"

"ಇರುತ್ತೆ ಅಜ್ಜ. ಮಂತ್ರಿಗಳು, ರಾಯಭಾರಿಗಳು, ಟಿವಿಯವರು ಎಲ್ಲಾ ಇರ್ತಾರೆ."

"ಮೈಕು?"

"ಓಹೋ, ಮೈಕೂ ಇರುತ್ತೆ."

"ಹಂಗಾದ್ರೆ ಆ ಮೈಕಲ್ಲಿ ನಮ್ಮ ಕೇರಿ ಹೆಸರು ಹೇಳ್ಬೇಕು. ನನ್ನ ಹೆಸರು ಬೇಡ, ಇವಳ ಹೆಸರೂ ಬೇಡ. ಈ ನಗಾರಿ ಉಶಿರೋಗಾವಾದ್ದು ಅಂತ ಒಂದು ಸಲ ಹೇಳಿದ್ರೆ ಸಾಕು. ಹೇಳ್ತೀರಾ?"

ಸಕಾಕಿ ಹಣೆ ಚಾಪೆಗೆ ತಾಗುವಷ್ಟು ಬಾಗಿದ. "ಖಂಡಿತ ಹೇಳ್ತೀವಿ."

ಅವನು ಹೋದ ಮೇಲೆ ತಿಂಡಿಯ ಪೆಟ್ಟಿಗೆ ಬಿಚ್ಚಿದರು. ಚೆನ್ನಾಗಿತ್ತು. ಆದರೆ ಇವರು ಕೊಟ್ಟ ಚಹಾದ ಬಟ್ಟಲನ್ನು ಅವನು ಮುಟ್ಟಿರಲಿಲ್ಲ. ಚಿನಾಮಿ ಅದನ್ನು ತೊಟ್ಟಿಗೆ ಸುರಿದು ಬಂದಳು.

ಗೆಂಜೊಗೆ ಆ ಒಂದು ಹೆಸರಿನ ಮೇಲೆ ಯಾಕಷ್ಟು ಆಸೆ ಅಂತ ಯಾರೂ ಕೇಳಲಿಲ್ಲ. ಕೇರಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಅವನು ಮೀಸೆ ಚಿಗುರುವ ವಯಸ್ಸಿನಲ್ಲಿ ತನ್ನಪ್ಪನ ಜೊತೆ ಕೈಗಾಡಿಯಲ್ಲಿ ಒಂದು ನಗಾರಿಯನ್ನು ದೊಡ್ಡ ದೇಗುಲಕ್ಕೆ ಎಳೆದುಕೊಂಡು ಹೋಗಿದ್ದ. ಹೆಬ್ಬಾಗಿಲಲ್ಲಿ ಪೂಜಾರಿಯ ಆಳುಗಳು ನಗಾರಿಯನ್ನು ಇಳಿಸಿಕೊಂಡರು. ಮೈಲಿಗೆ ಕಳೆಯಲು ಅದರ ಮೇಲೆ ಉಪ್ಪು ಎರಚಿದರು, ಒಳಗೆ ತೆಗೆದುಕೊಂಡು ಹೋದರು. ಅಪ್ಪ ಮಗ ಹೊರಗೆ ನಿಂತರು. ಒಳಗಿನಿಂದ ಮೊದಲ ಪೆಟ್ಟು ಕೇಳಿಸಿದಾಗ ಅಪ್ಪನ ಕಣ್ಣಲ್ಲಿ ನೀರು ಬಂತು. ಒಳಗಿದ್ದವರು ಯಾರೂ ಇದನ್ನು ಮಾಡಿದವರು ಯಾರು ಅಂತ ಕೇಳಲಿಲ್ಲ. ಕೇಳಲಿಲ್ಲ ಅಂದರೆ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿದ್ದದ್ದಕ್ಕೇ ಕೇಳಲಿಲ್ಲ. ಆಮೇಲೆ ಗೆಂಜೊ ಮಾಡಿದ ನಗಾರಿಗಳು ದೇಶದ ಉದ್ದಗಲಕ್ಕೂ ಹೋದವು. ಎಲ್ಲ ಕಡೆ ನಗಾರಿ ಒಳಗೆ, ಗೆಂಜೊ ಹೊರಗೆ.

ಚಳಿಗಾಲದ ಹೊತ್ತಿಗೆ ಮರ ಬಂತು. ಅದರ ಗತ್ತು ಏನು ಹೇಳುವುದು! ಯಾವುದೋ ದೇವರ ಕಾಡಿನ ಕೆಯಾಕಿ ಮರವಂತೆ. ಬಿರುಗಾಳಿಗೆ ಬಿದ್ದದ್ದನ್ನು ಕೊರೆದು, ಹೊಟ್ಟೆ ಟೊಳ್ಳು ಮಾಡಿ, ಹುಲ್ಲಿನ ಹಗ್ಗದ ಹಾರ ಹಾಕಿ, ಲಾರಿಯಲ್ಲಿ ಮೆರವಣಿಗೆ ಮಾಡಿಕೊಂಡು ತಂದರು. ಜೊತೆಗೆ ಸಿನಿಮಾ ತೆಗೆಯುವವರು. ನೀತಿಯಲ್ಲಿ ಚಿತ್ರವೂ ಸೇರಿತ್ತು. ನಗಾರಿ ಹುಟ್ಟುವ ಬಗೆಯನ್ನು ಉರುಗ್ವೆಯ ಮಕ್ಕಳು ನೋಡಬೇಕಂತೆ. ಮರವನ್ನು ಮೇಲಿನಿಂದ ತೆಗೆದರು, ಕೆಳಗಿನಿಂದ ತೆಗೆದರು, ಅದರ ಉಂಗುರಗಳ ಹತ್ತಿರ ಕ್ಯಾಮೆರಾ ಇಟ್ಟು ತೆಗೆದರು. ಮದುಮಗಳಿಗೂ ಇಷ್ಟು ಫೋಟೋ ತೆಗೆಯುವುದಿಲ್ಲ.

ಮಾರನೆಯ ದಿನ ಕಸಾಯಿಖಾನೆಯಿಂದ ತೊಗಲು ಬಂತು. ಎರಡು ದೊಡ್ಡ ಹಸುಗಳದ್ದು, ಉಪ್ಪು ಹಾಕಿ ಮಡಿಸಿದ್ದು. ಸಿನಿಮಾದವರು ಊಟಕ್ಕೆ ಎದ್ದರು. ಎದ್ದವರು ಹಿಂದಕ್ಕೆ ಬರಲಿಲ್ಲ.

ಫುಕಿ ತಲೆ ಕೆಡಿಸಿಕೊಳ್ಳಲಿಲ್ಲ. ಕೆಲಸ ಇತ್ತು. ಉಪ್ಪು ತೊಳೆಯಬೇಕು. ಅಕ್ಕಿ ತೌಡು ಬೆರೆಸಿದ ನೀರಲ್ಲಿ ಕೂದಲು ಸಡಿಲವಾಗುವವರೆಗೆ ನೆನೆಸಬೇಕು. ಆಮೇಲೆ ಎತ್ತಬೇಕು. ನೆನೆದ ತೊಗಲು ಎತ್ತುವುದು ಸತ್ತ ಹಸುವನ್ನೇ ಎತ್ತಿದ ಹಾಗೆ. ಮೂರು ಹೆಂಗಸರು ಒಟ್ಟಿಗೆ ಬೈದುಕೊಂಡು ಎತ್ತಿದರು. ಬೈಗುಳ ಇಲ್ಲದೆ ಅದು ಮೇಲೇಳುವುದಿಲ್ಲ. ಓರೆಯಾಗಿ ನಿಲ್ಲಿಸಿದ ದಿಮ್ಮಿಯ ಮೇಲೆ ಹಾಸಿ, ಎರಡು ಹಿಡಿಯ ಕತ್ತಿಯಿಂದ ಕೂದಲು ಹೆರೆದರು. ಮಗುಚಿ ಹಾಕಿ ಮಾಂಸ ಹೆರೆದರು. ನೀರು ಐಸಾಗಿತ್ತು. ಬೆರಳು ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಗೊತ್ತಾದಾಗ ಉರಿಯುತ್ತಿತ್ತು. ಕತ್ತಿ ಒಂದು ಕೂದಲೆಳೆ ಆಳಕ್ಕೆ ಹೋದರೆ ತೊಗಲು ಹಾಳು. ಸೊಂಟ ಬಾಗಿದ್ದು ಬಾಗಿದ್ದೇ. ಸಂಜೆ ನೆಟ್ಟಗಾಗಲು ಟೊಕಿಕೊ ಕಂಬ ಹಿಡಿದುಕೊಂಡು, "ಯಾರಾದ್ರೂ ನನ್ನ ಬಿಚ್ಚಿಡ್ರೇ," ಅಂತ ಕೂಗುತ್ತಿದ್ದಳು.

ಆಮೇಲೆ ಬಿಸಿನೀರಿನ ಸ್ನಾನ. ಹುರಿದ ಕರುಳಿನ ಚೂರು ತೇಲಿಸಿದ ಬಿಸಿ ಉದೊನ್ ಶ್ಯಾವಿಗೆ. ಕೇರಿಯ ಊಟ ಅದು, ಸೇತುವೆಯಾಚೆ ತಿನ್ನುವುದಿಲ್ಲ. ತಿನ್ನದಿದ್ದರೆ ಅವರಿಗೇ ನಷ್ಟ. ಎಷ್ಟು ತಿಕ್ಕಿದರೂ ತೊಗಲಿನ ವಾಸನೆ ಕೂದಲಲ್ಲಿ ಉಳಿಯುತ್ತದೆ. ರೈಲಿನಲ್ಲಿ ಫುಕಿಯ ಪಕ್ಕದ ಜಾಗ ಯಾವಾಗಲೂ ಖಾಲಿ. "ನಂಗೆ ರಾಣಿ ಥರ ಎರಡು ಸೀಟು," ಅಂತ ಅವಳು ನಗುತ್ತಿದ್ದಳು. ನಗುವುದು ಅಭ್ಯಾಸವಾಗಿತ್ತು. ಸಿಟ್ಟು ಇರಲಿಲ್ಲ ಅಂತ ಯಾರೂ ತಿಳಿಯಬಾರದು.

ಸಕಾಕಿ ಆಗಾಗ ಬಂದು ಹೋದ. ಬಂದಾಗಲೆಲ್ಲ ತಿಂಡಿ, ಬಂದಾಗಲೆಲ್ಲ ಮುಲಾಮು. ಫುಕಿ ಅವನ ಮಾತಿನಲ್ಲಿ ಒಂದು ವಿಶೇಷ ಗಮನಿಸಿದಳು. "ತಮ್ಮ ಕಡೆ ಮಳೆಯಾಯ್ತಾ?" ಅನ್ನುತ್ತಿದ್ದ. "ಈ ವಲಯದ ರಸ್ತೆ ಸ್ವಲ್ಪ ಇಕ್ಕಟ್ಟು," ಅನ್ನುತ್ತಿದ್ದ. ಫೋನಿನಲ್ಲಿ ಮೇಲಿನವರಿಗೆ "ಕಾಲುವೆಯಾಚೆ ಇದ್ದೀನಿ ಸಾರ್" ಅನ್ನುತ್ತಿದ್ದ. ಉಶಿರೋಗಾವಾ ಅನ್ನುವ ಮಾತು ಮಾತ್ರ ಅವನ ಬಾಯಿಂದ ಬೀಳಲಿಲ್ಲ. ಗಂಡನ ಹೆಸರು ಹೇಳದ ಹಳೇ ಕಾಲದ ಹೆಂಗಸಿನ ಹಾಗೆ ಸುತ್ತಿ ಬಳಸಿ ಮಾತಾಡುತ್ತಿದ್ದ.

"ಹೇಳಿದ್ರೆ ನಾಲಿಗೆ ಬಿದ್ದೋಗುತ್ತೆ ಅಂತ ಹೆದರಿಕೆ," ಅಂದಳು ಟೊಕಿಕೊ.

"ಈಗ ಹೇಳದಿದ್ರೆ ಬೇಡ, ಮೈಕಲ್ಲಿ ಹೇಳಿದ್ರಾಯ್ತು," ಅಂದ ಗೆಂಜೊ.

ಅವನು ಆ ಸಮಾರಂಭಕ್ಕೆ ಅಂತ ಪೆಟ್ಟಿಗೆಯಿಂದ ಕಪ್ಪು ಕಿಮೊನೊ ತೆಗೆಸಿದ್ದ. ಚಿನಾಮಿ ಅದನ್ನು ಬಿಸಿಲಿಗೆ ಹಾಕಿದ್ದಳು. ಅಜ್ಜ ದಿನಾ ಒಂದು ಸಲ ಹೋಗಿ ಅದರ ತೋಳು ಮುಟ್ಟಿ ಬರುತ್ತಿದ್ದ.

ಒಂದು ಮುಖಕ್ಕೆ ತೊಗಲು ಬಿಗಿದು ಮೊಳೆ ಹೊಡೆದದ್ದಾಯಿತು. ಎರಡನೆಯ ಮುಖಕ್ಕೆ ಬಿಗಿಯುವ ದಿನ ಸಕಾಕಿ ಬೆಳಿಗ್ಗೆಯೇ ಬಂದ. ಸಂಜೆಗೆ ಲಾರಿ ಬರುತ್ತದೆ, ನಗಾರಿಯನ್ನು ಅವತ್ತೇ ಹೊರಡಿಸಬೇಕು ಅಂದ. ಇಷ್ಟು ಅವಸರ ಯಾಕೆ ಅಂತ ಫುಕಿಗೆ ಅರ್ಥವಾಗಲಿಲ್ಲ. ತೊಗಲು ಕಾಯುವುದಿಲ್ಲ, ಕೆಲಸಕ್ಕೆ ಇಳಿದಳು.

ನಗಾರಿಗೆ ದನಿ ಬರುವುದು ಕೈಯಿಂದಲ್ಲ, ಕಾಲಿಂದ. ಹದವಾಗಿ ನೆನೆದ ತೊಗಲನ್ನು ಮರದ ಬಾಯಿಗೆ ಹಾಸಿ, ಅಂಚಿನ ಸುತ್ತ ತೂತು ಮಾಡಿ ಹಗ್ಗ ಪೋಣಿಸಿ, ಕೆಳಗಿನ ತೊಲೆಗೆ ಕಟ್ಟಿ, ಹಗ್ಗದ ನಡುವೆ ಕೋಲು ತೂರಿಸಿ ತಿರುವುತ್ತಾರೆ. ಹಗ್ಗ ಕಿರುಗುಟ್ಟುತ್ತದೆ. ಆಮೇಲೆ ಮೇಲೆ ಹತ್ತುತ್ತಾರೆ. ಬರಿಗಾಲಲ್ಲಿ, ಒಬ್ಬರ ಹೆಗಲು ಒಬ್ಬರು ಹಿಡಿದುಕೊಂಡು, ಹಿಮ್ಮಡಿ ಊರಿ ಊರಿ ಸುತ್ತುತ್ತಾರೆ. ತೊಗಲು ಜಗ್ಗುತ್ತದೆ. ಇಳಿದು ಇನ್ನೊಂದು ಸುತ್ತು ಹಗ್ಗ ತಿರುವುತ್ತಾರೆ. ಮತ್ತೆ ಹತ್ತುತ್ತಾರೆ. ಈ ಕೆಲಸದಲ್ಲಿ ಟೊಕಿಕೊಳ ಮೈ ಇಡೀ ಕೇರಿಯ ಆಸ್ತಿ. ಬೇರೆ ಮನೆಯವರೂ ಅವಳನ್ನು ಎರವಲು ಕೇಳುತ್ತಾರೆ.

ಟೊಕಿಕೊ ಮತ್ತು ಚಿನಾಮಿ ಮೇಲೆ ಹತ್ತಿ ತುಳಿಯತೊಡಗಿದರು. ಗೆಂಜೊ ಪಕ್ಕದಲ್ಲಿ ಎತ್ತರದ ಸ್ಟೂಲಿನ ಮೇಲೆ ಕೂತು, ಅವರು ಕಾಲೆತ್ತಿದ ಸಂದಿನಲ್ಲಿ ಕೋಲಿನಿಂದ ಒಂದೊಂದು ಪೆಟ್ಟು ಹಾಕಿ ಕೇಳುತ್ತಿದ್ದ.

"ಇನ್ನೂ ಕೆಮ್ಮುತ್ತೆ. ತುಳೀರಿ."

"ಅಜ್ಜ, ಕಾಲಲ್ಲಿ ಜೀವ ಇಲ್ಲ."

"ತುಳೀರಿ, ತುಳೀರಿ. ಮುನ್ನೂರು ವರ್ಷದಿಂದ ತುಳಿಸ್ಕೊಂಡಿದೀವಿ. ನಮ್ಮಷ್ಟು ಶ್ರುತಿಯಾಗಿರೋರು ಇನ್ಯಾರಿದ್ದಾರೆ?"

ಮೇಲೆ ಇಬ್ಬರೂ ಬಿದ್ದು ಬಿದ್ದು ನಕ್ಕರು. ನಗುತ್ತಲೇ ಕುಣಿದರು. ಫುಕಿ ತುಟಿಯ ನಡುವೆ ಮೊಳೆಗಳನ್ನು ಕಚ್ಚಿಕೊಂಡು, ಕೈಯಲ್ಲಿ ಸುತ್ತಿಗೆ ಹಿಡಿದು ಕಾಯುತ್ತಿದ್ದಳು. ಅಪ್ಪ ಬೆರಳೆತ್ತಿದರೆ ದನಿ ಬಂದಿದೆ ಅಂತ ಅರ್ಥ. ಆಗ ಮೊಳೆ ಹೊಡೆಯಬೇಕು.

ಸಕಾಕಿ ಫೋನು ಮುಗಿಸಿ ಚಪ್ಪರದೊಳಗೆ ಬಂದವನು ತಲೆಯೆತ್ತಿ ನೋಡಿದ. ಮುಖ ಬಿಳಿಚಿಕೊಂಡಿತು.

"ಕಾಲು! ಅಯ್ಯೋ, ಕಾಲು! ರಾಯಭಾರಿಗಳು ಕೈಯಿಡೋ ಜಾಗ ಅದು!"

"ತೊಳ್ಕೊಂಡೇ ಹತ್ತಿದೀವಿ ಸಾಹೇಬ್ರೆ," ಅಂದಳು ಟೊಕಿಕೊ, ಕುಣಿಯುವುದು ನಿಲ್ಲಿಸದೆ.

"ಸದ್ಯ. ಚಿತ್ರದಲ್ಲಿ ಇದನ್ನೆಲ್ಲ ಬಿಟ್ಟಿದ್ದೇ ಒಳ್ಳೇದಾಯ್ತು," ಅಂತ ಸಕಾಕಿ ತನ್ನಷ್ಟಕ್ಕೆ ಅಂದುಕೊಂಡ. ದನಿ ತುಸು ಜೋರಾಯಿತು, ಎಲ್ಲರಿಗೂ ಕೇಳಿಸಿತು.

ಫುಕಿ ಮೊಳೆಗಳನ್ನು ಅಂಗೈಗೆ ಉಗಿದಳು. "ಏನು ಬಿಟ್ರಿ?"

"ಏನಿಲ್ಲ ತಾಯಿ. ಚಿತ್ರ ಉದ್ದ ಆಗ್ತಿತ್ತು."

"ಮರ ಇದೆಯಾ ಚಿತ್ರದಲ್ಲಿ?"

"ಮರ ಇದೆ."

"ಮರದ ಊರು ಇದೆಯಾ?"

"ಇದೆ. ವಯಸ್ಸೂ ಇದೆ."

"ಹಸು?"

ಸಕಾಕಿ ಫೋನನ್ನು ಜೇಬಿಗೆ ತುರುಕಿದ.

"ನಾವು?"

ಸಕಾಕಿ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡ. ಮೇಲೆ ತುಳಿಯುವುದು ನಿಂತಿತ್ತು.

"ಮೈಕಲ್ಲಿ ಹೇಳ್ತೀರಲ್ಲಪ್ಪ?" ಗೆಂಜೊ ಕೇಳಿದ. ದನಿ ಮೆತ್ತಗಿತ್ತು. "ಚಿತ್ರ ಹೋದ್ರೆ ಹೋಗ್ಲಿ. ಮೈಕಲ್ಲಿ?"

ಆಗ ಅದು ಹೊರಗೆ ಬಂತು. ಎಳೆಎಳೆಯಾಗಿ ಬಂತು, ಗಂಟಲಿಗೆ ಸಿಕ್ಕಿದ ಮೀನಿನ ಮುಳ್ಳಿನ ಹಾಗೆ. ಲಾರಿ ಬಂದರಿಗೆ ಹೋಗುವುದಿಲ್ಲ, ಕ್ಯೋಟೊಗೆ ಹೋಗುತ್ತದೆ. ಅಲ್ಲಿ ಒಂದು ಹೆಸರಾಂತ ಹಳೆಯ ಅಂಗಡಿ ಇದೆ. ದೇಗುಲದ ಎದುರಿಗೇ. ನಗಾರಿ ಅಲ್ಲಿ ಒಂದು ವಾರ ಇರುತ್ತದೆ, ಅಲ್ಲಿಂದ ಹೊರಡುತ್ತದೆ. ಸಮಾರಂಭ ಅಲ್ಲೇ. ಮೈಕಿನಲ್ಲಿ 'ಕ್ಯೋಟೊದ ಕುಶಲಕರ್ಮಿಗಳು' ಅನ್ನುತ್ತಾರೆ. ಇವರನ್ನು ಕರೆಯುವ ಏರ್ಪಾಡು ಇಲ್ಲ, ಜಾಗ ಇಕ್ಕಟ್ಟು.

"ಕ್ಯೋಟೊದೋರು ಇದಕ್ಕೆ ಏನು ಮಾಡಿದ್ರು?" ಫುಕಿ ಕೇಳಿದಳು.

"ಅವರು... ಹೊರಡಿಸ್ತಾರೆ."

ಟೊಕಿಕೊ ಮೇಲಿನಿಂದಲೇ ಗಹಗಹಿಸಿ ನಕ್ಕಳು. "ಹೆತ್ತೋಳು ಇಲ್ಲಿ, ಬಾಣಂತಿ ಅಂತ ಕೂತೋಳು ಅಲ್ಲಿ!"

"ಇದು ತಮ್ಮ ಒಳ್ಳೇದಕ್ಕೇ ತಾಯಿ," ಅಂದ ಸಕಾಕಿ. ಅವನು ಕೆಟ್ಟವನಲ್ಲ. ಅವನಿಗೆ ನಿಜಕ್ಕೂ ಹಾಗೆ ಅನ್ನಿಸಿತ್ತು, ಅದೇ ರೋಗ. "ಜಾಗದ ಹೆಸರು ಟಿವಿಯಲ್ಲಿ ಬಂದ್ರೆ ಜನ ಹುಡುಕ್ತಾರೆ, ಏನೇನೋ ಬರೀತಾರೆ. ತಮಗೂ ಮನೆಯಲ್ಲಿ ಹೆಣ್ಣುಮಗಳಿದ್ದಾಳೆ. ನಾಳೆ ಮದುವೆ ಗಿದುವೆ ಅಂದಾಗ..."

ಚಿನಾಮಿ ನಗಾರಿಯ ಅಂಚಿಗೆ ಬಂದು ಕಾಲು ಇಳಿಬಿಟ್ಟು ಕೂತಳು. ಎರಡು ವರ್ಷದ ಹಿಂದೆ ನಾರಾ ಊರಿನ ಒಬ್ಬ ಹುಡುಗ ಅವಳಿಗೆ ಉಂಗುರ ತೊಡಿಸಿದ್ದ. ಅವನ ಮನೆಯವರು ಯಾರನ್ನೋ ಕಳಿಸಿ ವಿಳಾಸ ವಿಚಾರಿಸಿ, ಯಾವ ಕೇರಿ ಅಂತ ತಿಳಿದುಕೊಂಡರು. ಉಂಗುರವನ್ನು ವಾಪಸು ತೆಗೆದುಕೊಂಡು ಹೋಗಲು ಅವನು ಸೇತುವೆ ಕೂಡ ದಾಟಲಿಲ್ಲ. ಆಚೆ ತುದಿಗೇ ಬಾ ಅಂದಿದ್ದ. ಅವಳೇ ಹೋಗಿ ಕೊಟ್ಟು ಬಂದಿದ್ದಳು.

"ನನ್ನ ಮದುವೆ ಆಗ್ಲೇ ನಿಂತಿದೆ ಸಾಹೇಬ್ರೆ," ಅಂದಳು. "ನೀವು ಹೆಸರು ಹೇಳದೇನೇ ನಿಂತಿದೆ. ಮುಚ್ಚಿಟ್ಟಿದ್ದಕ್ಕೆ ನಮಗೇನು ಸಿಕ್ತು?"

ಪಕ್ಕದ ಮನೆಯಲ್ಲಿ ಎಂದಿನಂತೆ ತೊಗಲಿನ ಅಂಚು ಬಡಿಯುತ್ತಿದ್ದರು.

ಗೆಂಜೊ ಕೋಲೆತ್ತಿ ಒಂದು ಪೆಟ್ಟು ಹಾಕಿದ. ಸುಮ್ಮನೆ, ಏನೋ ಯೋಚಿಸುತ್ತ. ದನಿ ಎದ್ದಿತು. ಚಪ್ಪರದ ತಗಡು ನಡುಗಿತು. ತೊಟ್ಟಿಯ ನೀರು ನಡುಗಿತು. ಸಕಾಕಿ ಚಪ್ಪರದ ಕಂಬ ಹಿಡಿದುಕೊಂಡ. ಗೆಂಜೊ ತನ್ನ ಜೀವಮಾನದಲ್ಲಿ ಎಷ್ಟೋ ನಗಾರಿ ಕೇಳಿದವನು, ಇಂಥ ದನಿ ಕೇಳಿರಲಿಲ್ಲ. ಅವನ ಬೆರಳು ತಾನಾಗಿ ಮೇಲೆದ್ದಿತು.

ಎಲ್ಲರೂ ಫುಕಿಯ ಕಡೆ ನೋಡಿದರು. ಈಗ ಮೊಳೆ ಹೊಡೆಯಬೇಕು. ತಡಮಾಡಿದರೆ ತೊಗಲು ಒಣಗುತ್ತದೆ.

ಫುಕಿ ಅಂಗೈಯ ಮೊಳೆಗಳನ್ನು ಡಬ್ಬಿಗೆ ಹಾಕಿದಳು. ಸುತ್ತಿಗೆ ಕೆಳಗಿಟ್ಟಳು.

"ಇಳೀರಿ," ಅಂದಳು. "ಹಗ್ಗ ಬಿಚ್ಚಿ."

"ತಾಯಿ!" ಸಕಾಕಿ ಕಿರುಚಿದ.

"ಅಪ್ಪ?" ಫುಕಿ ಅಪ್ಪನನ್ನು ಕೇಳಿದಳು. ಅದೊಂದು ಮಾತ್ರ ಕೇಳಬೇಕಿತ್ತು. ಅವನ ಹೂಂ ಇಲ್ಲದೆ ಅವಳ ಕೈ ಏಳುತ್ತಿರಲಿಲ್ಲ.

ಮುದುಕ ಎತ್ತಿದ ಬೆರಳನ್ನು ನೋಡಿಕೊಂಡ. ಮಡಿಸಿದ. ತೊಗಲಿನ ಮೇಲೆ ಅಂಗೈ ಇಟ್ಟು ಒಂದು ಸಲ ಸವರಿದ, ದನದ ಬೆನ್ನು ಸವರುವ ಹಾಗೆ.

"ಬಿಚ್ಚು," ಅಂದ. "ಈ ಸಲ ಹೊರಗೆ ನಿಂತ್ಕೊಳ್ಳೋಕೆ ನನ್ನ ಕಾಲಲ್ಲಿ ಶಕ್ತಿ ಇಲ್ಲ."

ಕೋಲು ಹಿಂದಕ್ಕೆ ತಿರುಗಿಸಿದರು. ಹಗ್ಗ ನಿಟ್ಟುಸಿರು ಬಿಟ್ಟಿತು. ತೊಗಲು ಸಡಿಲಾಗಿ, ಸುಕ್ಕಾಗಿ, ಮರದ ಬಾಯಿಂದ ಜಾರಿತು. ಮೂವರೂ ಅದನ್ನು ಎತ್ತಿ ದಿಮ್ಮಿಯ ಮೇಲೆ ಹಾಸಿದರು. ಈ ಸಲ ಬೈಗುಳ ಬೇಕಾಗಲಿಲ್ಲ.

"ಇದು ಸರ್ಕಾರಿ ಆಸ್ತಿ!" ಸಕಾಕಿ ಅಡ್ಡ ಬಂದ.

"ಮರ ನಿಮ್ಮದು. ತಗೊಂಡೋಗಿ. ದೇವರ ಕಾಡಿಂದು, ಒಳ್ಳೇ ಮರ. ತೊಗಲು ನಾವು ದುಡ್ಡು ಕೊಟ್ಟು ತಂದಿದ್ದು. ನಗಾರಿ ಹೊರಟ ಮೇಲೆ ದುಡ್ಡು ಅಂತ ನೀವೇ ಅಂದಿದ್ದು. ಅದು ಹೊರಟಿಲ್ಲ. ನಿಮ್ಮ ಮರ ನಿಮಗೆ, ನಮ್ಮ ತೊಗಲು ನಮಗೆ."

"ಆ ಕಡೆ ಮುಖಕ್ಕೆ ಮೊಳೆ ಹೊಡೆದಾಗಿದೆಯಲ್ಲ!"

"ಹೊಡೆದೋರಿಗೆ ಕೀಳೋಕೂ ಬರುತ್ತೆ," ಅಂದಳು ಟೊಕಿಕೊ. ಇಕ್ಕಳ ತಂದು ನಗಾರಿಯ ಪಕ್ಕ ಮಂಡಿಯೂರಿ ಕೂತಳು. ಮೊದಲ ಮೊಳೆ ಕಿರ್ ಅಂತ ಹೊರಬಂತು. ಅವಳು ಅದನ್ನು ಡಬ್ಬಿಗೆ ಟಣ್ ಅಂತ ಹಾಕಿದಳು. ಮೊಳೆ ಕೀಳುವುದು ಹೊಡೆಯುವುದಕ್ಕಿಂತ ಕಷ್ಟ. ಭುಜ ಕಿತ್ತು ಬರುತ್ತದೆ. ಆದರೂ ಅವಳು ಹಾಡು ಗುನುಗಿಕೊಂಡೇ ಕೀಳುತ್ತ ಹೋದಳು. ಚಿನಾಮಿ ಇನ್ನೊಂದು ಇಕ್ಕಳ ಹಿಡಿದು ಎದುರು ಬದಿಯಿಂದ ಶುರು ಮಾಡಿದಳು.

ಸಕಾಕಿ ಬೀದಿಗೆ ಹೋಗಿ ಫೋನು ಮಾಡಿದ. ಬಾಗಿ ಬಾಗಿ ಮಾತಾಡಿದ. ಆ ಕಡೆಯವರಿಗೆ ಕಾಣದಿದ್ದರೂ ಬಾಗಿದ. ಹಿಂದಕ್ಕೆ ಬಂದು, ಕ್ಯೋಟೊ ಅಂಗಡಿಯವರೇ ಬೇರೆ ತೊಗಲು ಹಾಕಿಸುತ್ತಾರೆ, ಮರವನ್ನಾದರೂ ಇವತ್ತೇ ಕಳಿಸಬೇಕಂತೆ ಅಂದ.

"ಇಷ್ಟು ದೊಡ್ಡ ತೊಗಲು ಎಲ್ಲಿಂದ ತರ್ತಾರಂತೆ?" ಫುಕಿ ಕೇಳಿದಳು.

"ಪಶ್ಚಿಮಕ್ಕೆ, ಹಿಮೆಜಿ ದಾಟಿದ ಮೇಲೆ ಯಾವುದೋ..."

"ಯಾವುದೋ ಕೇರಿ. ಅಲ್ಲೂ ಕೇರಿನೇ ಸಾಹೇಬ್ರೆ. ನಮ್ಮ ಚಿಕ್ಕಪ್ಪನ ಮಕ್ಕಳು. ನೀವು ಬೀದಿಯಲ್ಲಿ ಫೋನ್ ಮಾಡ್ತಿದ್ದಾಗ ನಾನೂ ಒಳಗೆ ಮಾಡಿದೆ. ಈ ಮರಕ್ಕೆ ಅಲ್ಲಿ ಒಂದು ಅಂಗೈಯಗಲ ತೊಗಲೂ ಸಿಗಲ್ಲ."

ಸಕಾಕಿ ಅಲ್ಲೇ ಕುಸಿದು ಕೂತ. ಚಿನಾಮಿ ಅವನಿಗೆ ಒಂದು ಬಟ್ಟಲು ಚಹಾ ತಂದಿಟ್ಟಳು. ಈ ಸಲ ಕುಡಿದ, ಒಂದೇ ಗುಟುಕಿಗೆ. ಪಾಪ ಅನ್ನಿಸಿತು ಫುಕಿಗೆ. ಹಾಗಂತ ಮೊಳೆ ಕೀಳುವುದನ್ನು ನಿಲ್ಲಿಸು ಅಂತ ಹೇಳಲಿಲ್ಲ.

ಎರಡನೆಯ ತೊಗಲೂ ಬಿಚ್ಚಿಕೊಂಡಾಗ ಮಧ್ಯಾಹ್ನ ಕಳೆದಿತ್ತು. ನಗಾರಿ ಹೋಗಿ, ಅಡ್ಡ ಮಲಗಿಸಿದ ಮರದ ಕೊಳವೆ ಉಳಿಯಿತು. ಈ ಬದಿಯಿಂದ ನೋಡಿದರೆ ಆ ಬದಿಯ ಬೀದಿ ಕಾಣುತ್ತಿತ್ತು. ಒಂದು ಬೆಕ್ಕು ಒಳಗೆ ಹೊಕ್ಕು ಆ ಕಡೆ ಹೊರಬಂತು. ಗೆಂಜೊ ತೊಗಲುಗಳನ್ನು ಮುಟ್ಟಿ ನೋಡಿ, ನಗಾರಿ ಬಾರಿಸುವ ಕೇರಿಯ ಹುಡುಗಿಯರ ತಂಡಕ್ಕೆ ಒಂದು ದೊಡ್ಡ ನಗಾರಿ ಇಲ್ಲ, ಹಳೇ ಮರದ ಕೊಳವೆ ಒಂದು ಅಟ್ಟದಲ್ಲಿದೆ, ನಾಳೆ ಇಳಿಸಿ ಅಂದ.

ಸಂಜೆಯಾದರೂ ಲಾರಿ ಬರಲಿಲ್ಲ. ಸಕಾಕಿ ಬೀದಿಯಲ್ಲಿ ಅತ್ತಿಂದಿತ್ತ ಓಡಾಡಿದ. ಕಡೆಗೆ ಫೋನು ಬಂತು. ಡ್ರೈವರ್ ದಾರಿ ತಪ್ಪಿದ್ದ. ಅವನ ಕೈಗೆ ಕೊಟ್ಟ ವಿಳಾಸದಲ್ಲಿ ಹೆಸರೇ ಇರಲಿಲ್ಲ, 'ಕಾಲುವೆಯ ದಕ್ಷಿಣ ದಡ' ಅಂತ ಮಾತ್ರ ಇತ್ತು. ಕಾಲುವೆ ಊರುದ್ದ ಇದೆ. ಅವನು ಮಧ್ಯಾಹ್ನದಿಂದ ದಕ್ಷಿಣ ದಡದಲ್ಲೇ ಸುತ್ತುತ್ತಿದ್ದ, ಪಾಪ, ಆದೇಶದಂತೆ.

"ಸ್ಟೇಷನ್ ದಾಟಿ ಬಾ," ಅಂದ ಸಕಾಕಿ. "ದಾಟಿದೀಯಾ? ಆಮೇಲೆ ಸೇತುವೆ. ಯಾವ ಸೇತುವೆ ಅಂದ್ರೆ... ಆ ಸೇತುವೆ ಕಣಪ್ಪ. ಅದರ ಆಚೆ. ಆಚೆ ಅಂದ್ರೆ ಆಚೆ! ಯಾರನ್ನಾದ್ರೂ ಕೇಳು. ಏನಂತ ಕೇಳ್ತೀಯಾ? ಅದೇ... ಆ ಜಾಗ..."

ಪಕ್ಕದ ಮನೆಯ ಬಡಿತ ಜೋರಾಗಿತ್ತು. ಡ್ರೈವರಿಗೆ ಕೇಳಿಸುತ್ತಿರಲಿಲ್ಲ. ಅವನು ಆ ಕಡೆಯಿಂದ ಕೂಗುತ್ತಿದ್ದದ್ದು ಫೋನಿನಿಂದ ಹೊರಗೇ ಕೇಳಿಸುತ್ತಿತ್ತು. "ಊರಿಗೆ ಹೆಸರಿಲ್ವೇನ್ರೀ? ಹೆಸರಿಲ್ಲದ ಊರಿಗೆ ಹೆಂಗ್ರೀ ಬರ್ಲಿ?"

ಸಕಾಕಿ ಕೈಯಿಂದ ಬಾಯಿ ಮರೆಮಾಡಿಕೊಂಡು ಏನೋ ಅಂದ. "ಹಾಂ?" ಅಂದ ಡ್ರೈವರ್. ಮತ್ತೆ ಅಂದ. "ಕೇಳಿಸ್ಲಿಲ್ಲ!" ಅಂದ ಡ್ರೈವರ್. ಸಕಾಕಿ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಮೇಲಿನವರು ಹತ್ತಿರ ಎಲ್ಲೂ ಇರಲಿಲ್ಲ. ಕುತ್ತಿಗೆಯ ಟೈ ಸಡಿಲಿಸಿದ. ಕುತ್ತಿಗೆಯ ನರ ಉಬ್ಬಿ ಬರುವ ಹಾಗೆ ಕೂಗಿದ.

"ಉಶಿರೋಗಾವಾ! ಉಶಿರೋಗಾವಾ ಕಣಯ್ಯ! ನಗಾರಿ ಮಾಡೋ ಉಶಿರೋಗಾವಾ!"

ಪಕ್ಕದ ಮನೆಯ ಬಡಿತ ನಿಂತಿತು. ಎದುರು ಮನೆಯ ಕಿಟಕಿ ತೆರೆಯಿತು, ಅದರಾಚೆಯದೂ ತೆರೆಯಿತು. ಟೊಕಿಕೊ ಇಕ್ಕಳ ಹಿಡಿದುಕೊಂಡೇ ಬೀದಿಗೆ ಬಂದಳು. ಫುಕಿಗೆ ನಗು ಬಂತು, ಜೊತೆಗೇ ಅಳುವೂ ಬಂತು, ಎರಡನ್ನೂ ತಡೆಯಲಿಲ್ಲ.

ಗೆಂಜೊ ಸ್ಟೂಲಿನಿಂದ ಎದ್ದ. ಸೊಂಟ ನೆಟ್ಟಗೆ ಮಾಡಿಕೊಂಡು, ಯಾರ ಕೈಯನ್ನೂ ಹಿಡಿಯದೆ ಬೀದಿಗೆ ನಡೆದ. ಸರ್ಕಾರದ ಎದುರಿಗೆ ನಿಂತು ಕಿವಿಯನ್ನು ಮುಂದೆ ಮಾಡಿದ.

"ಅವನಿಗೆ ಇನ್ನೂ ಕೇಳಿಸಿಲ್ಲ ಅಂತ ಕಾಣುತ್ತೆ," ಅಂದ. "ಇನ್ನೊಂದ್ಸಲ ಹೇಳಪ್ಪ."